ಶ್ರೀಮಾನ್ ಎಕ್ಸ್ ಮಾಡದ ಕೊಲೆ

ಅಲೆಕ್ಸಾಂಡರ್ ಫ್ಲೆಮಿಂಗ್ 1945ರ ಡಿಸೆಂಬರ್ 11ರಂದು ಸ್ಟಾಕ್‌ಹೋಮಿನಲ್ಲಿ ಮಾಡಿದ ನೊಬೆಲ್ ಉಪನ್ಯಾಸವನ್ನು ಪೂರ್ತಿ ಓದಿದವರು ಕಡಿಮೆ. ಅದರ ಕೊನೆಯ ಭಾಗವನ್ನು ಎತ್ತಿ ಹೇಳದವರು ಅದಕ್ಕಿಂತ ಕಡಿಮೆ. ಆಂಟಿಬಯಾಟಿಕ್ ನಿರೋಧದ ಬಗ್ಗೆ ನಮ್ಮಲ್ಲಿ ಬರುವ ಬರಹಗಳಿಗೆ ಒಂದು ಅಚ್ಚು ಬಿದ್ದುಹೋಗಿದೆ: ತೆರೆದ ಕಿಟಕಿ, ಬೂಷ್ಟು ಹಿಡಿದ ತಟ್ಟೆ, 'ಅಂದೇ ಎಚ್ಚರಿಸಿದ್ದ ದ್ರಷ್ಟಾರ', ಆಮೇಲೆ 'ಡಾಕ್ಟರು ಬರೆದುಕೊಟ್ಟ ಕೋರ್ಸ್ ತಪ್ಪದೆ ಮುಗಿಸಿ' ಎಂಬ ಬುದ್ಧಿವಾದ. ಕಿಟಕಿಯ ಕಥೆ ಓದುಗರಿಗೆ ಗೊತ್ತಿರುವಂಥದ್ದೇ, ಅದನ್ನು ಬಿಡೋಣ. ನನ್ನ ತಕರಾರು ಇರುವುದು ದ್ರಷ್ಟಾರನ ಪಟ್ಟದ ಬಗ್ಗೆ. ಆ ಕೊನೆಯ ಭಾಗ ಭವಿಷ್ಯವಾಣಿಯಲ್ಲ, ಅಚ್ಚುಕಟ್ಟಾಗಿ ಹೆಣೆದ ಒಂದು ಸಣ್ಣಕಥೆ. ಅದರಲ್ಲಿ ನಡೆಯುವ ಘಟನೆ ಎಂಬತ್ತು ವರ್ಷವಾದರೂ ನಡೆದಿಲ್ಲ. ನಿಜವಾಗಿ ಏನು ನಡೆಯಿತೋ, ನಮ್ಮ ಐಸಿಯುಗಳಲ್ಲಿ ಇವತ್ತೂ ಏನು ನಡೆಯುತ್ತಿದೆಯೋ, ಅದಕ್ಕೆ ಆ ಕಥೆಯಲ್ಲಿ ಜಾಗವೇ ಇಲ್ಲ.

ಕಥೆ ಇಷ್ಟು. ಶ್ರೀಮಾನ್ ಎಕ್ಸ್ ಎಂಬೊಬ್ಬನಿಗೆ ಗಂಟಲು ನೋವು. ಪೆನಿಸಿಲಿನ್ ಕೊಂಡು ತಾನೇ ತೆಗೆದುಕೊಳ್ಳುತ್ತಾನೆ. ಗಂಟಲಲ್ಲಿರುವ ಸ್ಟ್ರೆಪ್ಟೊಕಾಕಸ್ ಸಾಯುವಷ್ಟಲ್ಲ. ಮದ್ದನ್ನು ಎದುರಿಸುವುದು ಹೇಗೆಂದು ಅದು ಕಲಿತುಕೊಳ್ಳುವಷ್ಟು ಮಾತ್ರ. ಅವನಿಂದ ಹೆಂಡತಿಗೆ ಸೋಂಕು, ಅವಳಿಗೆ ನ್ಯುಮೋನಿಯಾ. ಪೆನಿಸಿಲಿನ್ ಕೊಟ್ಟರೆ ನಾಟುವುದಿಲ್ಲ, ಯಾಕೆಂದರೆ ಬ್ಯಾಕ್ಟೀರಿಯಾ ಈಗ ಪಳಗಿದೆ. ಅವಳು ಸಾಯುತ್ತಾಳೆ. ಈ ಸಾವಿಗೆ ಹೊಣೆ ಯಾರೆಂದು ಕೇಳಿ, ಗಂಡನೇ ಎಂದು ತಾನೇ ಉತ್ತರಿಸಿ, ಪೆನಿಸಿಲಿನ್ ಬಳಸುವುದಾದರೆ ಸಾಕಷ್ಟು ಬಳಸಿ ಎಂಬ ನೀತಿಯೊಂದಿಗೆ ಫ್ಲೆಮಿಂಗ್ ಮುಗಿಸುತ್ತಾರೆ.

ಕಥೆಯಾಗಿ ಇದು ಗೆದ್ದಿದೆ, ಅದನ್ನು ಒಪ್ಪಲೇಬೇಕು. ಒಬ್ಬ ತಪ್ಪಿತಸ್ಥ, ಒಬ್ಬ ಬಲಿಪಶು, ಇಬ್ಬರ ನಡುವೆ ದಾಂಪತ್ಯ, ನಾಲ್ಕಾರು ವಾಕ್ಯಗಳಲ್ಲಿ ತೀರ್ಪು. ಆದರೆ ಪಾತ್ರ ಹಂಚಿಕೆಯನ್ನು ಸ್ವಲ್ಪ ಗಮನಿಸಿ. ವೈದ್ಯ ಬರುವುದು ಕೊನೆಗೆ, ಅದೂ ಬೇರೆಯವರ ತಪ್ಪಿನಿಂದ ಸೋತ ನಿರಪರಾಧಿಯಾಗಿ. ನರ್ಸ್ ಇಲ್ಲ. ವಾರ್ಡ್ ಇಲ್ಲ, ಪಕ್ಕದ ಹಾಸಿಗೆಯ ರೋಗಿ ಇಲ್ಲ. ಇಡೀ ದುರಂತ ಒಂದು ಮನೆಯ ನಾಲ್ಕು ಗೋಡೆಗಳೊಳಗೆ, ಅನಾಡಿಯೊಬ್ಬನ ಕೈಯಿಂದ ಆಗುತ್ತದೆ. ಫ್ಲೆಮಿಂಗ್ ಇದನ್ನು ಹೇಳುತ್ತಿದ್ದ ಹೊತ್ತಿಗೆ ಅವರ ದೇಶದಲ್ಲಿ ಸಾಮಾನ್ಯ ಜನಕ್ಕೆ ಪೆನಿಸಿಲಿನ್ ಸಿಗುತ್ತಿರಲಿಲ್ಲ. ಬ್ರಿಟನ್ನಿನ ಔಷಧದ ಅಂಗಡಿಗಳಿಗೆ ಅದು ಬಂದದ್ದು 1946ರಲ್ಲಿ, ಅದೂ ವೈದ್ಯರ ಚೀಟಿಗೆ. ನುಂಗಿದರೆ ಹೊಟ್ಟೆಯ ಆಮ್ಲ ಅದನ್ನು ಬಹುಪಾಲು ಹಾಳುಗೆಡಹುತ್ತಿತ್ತು, ಹಾಗಾಗಿ ಸೂಜಿಯೇ ಮುಖ್ಯ ದಾರಿ. ಅಂದರೆ ಶ್ರೀಮಾನ್ ಎಕ್ಸ್ ಇನ್ನೂ ಹುಟ್ಟಿಯೇ ಇರಲಿಲ್ಲ. ಪೆನಿಸಿಲಿನ್ ನೀರಿನಂತೆ ಹರಿಯತೊಡಗಿದ್ದು ಆಸ್ಪತ್ರೆಗಳಲ್ಲಿ, ಕೊಡುತ್ತಿದ್ದವರು ವೈದ್ಯರು. ಉಪನ್ಯಾಸಕಾರರ ಕಣ್ಣು ಮಾತ್ರ ಬೀದಿಯ ಅಂಗಡಿಯ ಮೇಲೆ.

ಈಗ ಬ್ಯಾಕ್ಟೀರಿಯಾದ ಆಯ್ಕೆಗೆ ಬರೋಣ. ಗಂಟಲು ನೋವಿನ ಸ್ಟ್ರೆಪ್ಟೊಕಾಕಸ್ ಪಯೋಜೆನಿಸ್ ಇಷ್ಟು ವರ್ಷಗಳಲ್ಲಿ, ಲೆಕ್ಕವಿಲ್ಲದಷ್ಟು ಅರೆಬರೆ ಕೋರ್ಸ್‌ಗಳನ್ನು ಕಂಡ ಮೇಲೂ, ಪೆನಿಸಿಲಿನ್‌ಗೆ ಸೆಡ್ಡು ಹೊಡೆದಿಲ್ಲ. ಮದ್ದಿಗೆ ತುಸು ಕಡಿಮೆ ಜಗ್ಗುವ ಕೆಲವು ತಳಿಗಳು ಈಚೆಗೆ ಕಂಡಿವೆ. ಎರಿತ್ರೊಮೈಸಿನ್‌ನಂಥ ಬೇರೆ ಮದ್ದುಗಳಿಗೆ ಅದು ನಿರೋಧ ಗಳಿಸಿದ್ದೂ ಉಂಟು. ಆದರೂ ಆ ಗಂಟಲಿಗೆ ಇವತ್ತಿಗೂ ಮೊದಲ ಮದ್ದು ಪೆನಿಸಿಲಿನ್ನೇ. ಭವಿಷ್ಯವಾಣಿ ಎಂದು ಎಲ್ಲರೂ ಕೊಂಡಾಡುವ ಕಥೆ ತಾನು ಹೆಸರಿಸಿದ ಒಂದೇ ಒಂದು ಜೀವಿಯ ವಿಷಯದಲ್ಲಿ ಸುಳ್ಳಾಗಿದೆ.

ಇದು ಅವರ ದುರದೃಷ್ಟ ಎಂದು ಬಿಟ್ಟುಬಿಡಬಹುದಿತ್ತು. ಆದರೆ ಫ್ಲೆಮಿಂಗ್ ಅವರಿಗೆ ಪೆನಿಸಿಲಿನ್ ತೋರಿಸಿಕೊಟ್ಟ ಬ್ಯಾಕ್ಟೀರಿಯಾ ಸ್ಟ್ರೆಪ್ಟೊಕಾಕಸ್ ಅಲ್ಲ. 1928ರ ಆ ಹೆಸರಾಂತ ತಟ್ಟೆಯಲ್ಲಿ ಇದ್ದದ್ದು ಸ್ಟ್ಯಾಫಿಲೊಕಾಕಸ್. ಪೆನಿಸಿಲಿನ್‌ಗೆ ಮೊದಲು ಜಗ್ಗದೆ ನಿಂತದ್ದೂ ಅದೇ. ಕೈಯಳತೆಯಲ್ಲಿದ್ದ ಸ್ಟ್ಯಾಫಿಲೊಕಾಕಸ್ಸನ್ನು ಬಿಟ್ಟು ಸ್ಟ್ರೆಪ್ಟೊಕಾಕಸ್ಸನ್ನೇಕೆ ಆರಿಸಿಕೊಂಡರು? ನನಗನ್ನಿಸುವುದು, ಕಥೆ ಬಯಸಿದ್ದು ಅದನ್ನೇ. ಗಂಟಲು ನೋವು ಗಂಡನಿಂದ ಹೆಂಡತಿಗೆ ದಾಟುವುದು ಯಾರಿಗೂ ಸಹಜವಾಗಿ ಕಾಣುತ್ತದೆ. ಸ್ಟ್ಯಾಫಿಲೊಕಾಕಸ್ ಹಿಡಿದಿದ್ದರೆ ಶಸ್ತ್ರಚಿಕಿತ್ಸೆಯ ಗಾಯ, ಡ್ರೆಸ್ಸಿಂಗ್ ಟ್ರಾಲಿ, ಹೆರಿಗೆ ವಾರ್ಡಿನ ಕೂಸುಗಳು, ಎಲ್ಲವನ್ನೂ ತರಬೇಕಾಗುತ್ತಿತ್ತು. ಆಗ ಕೊನೆಯ ಪ್ರಶ್ನೆಗೆ, ಹೊಣೆ ಯಾರು ಎಂಬುದಕ್ಕೆ, ಒಂದೇ ಪದದ ಉತ್ತರ ಸಿಗುತ್ತಿರಲಿಲ್ಲ.

ಇದಕ್ಕಿಂತ ದೊಡ್ಡ ಎಡವಟ್ಟು ನಿರೋಧ ಹುಟ್ಟುವ ಬಗೆಯಲ್ಲಿದೆ. ಕಥೆಯ ಪ್ರಕಾರ ಕಡಿಮೆ ಮದ್ದು ಬ್ಯಾಕ್ಟೀರಿಯಾಕ್ಕೆ ಪಾಠ ಹೇಳುತ್ತದೆ. ಇದಕ್ಕೆ ಆಧಾರವೂ ಅವರಲ್ಲಿತ್ತು: ಪ್ರಯೋಗಾಲಯದಲ್ಲಿ ಕೊಲ್ಲದಷ್ಟು ಪೆನಿಸಿಲಿನ್ ಹಾಕಿ ಬ್ಯಾಕ್ಟೀರಿಯಾವನ್ನು ಗಟ್ಟಿಮಾಡುವುದು ಕಷ್ಟವಲ್ಲ, ದೇಹದಲ್ಲೂ ಆಗೊಮ್ಮೆ ಈಗೊಮ್ಮೆ ಹೀಗಾಗಿದೆ ಎಂದು ಕಥೆಗೆ ಮುಂಚೆ ಹೇಳುತ್ತಾರೆ. ಆದರೆ 1943ರಲ್ಲೇ ಸಾಲ್ವಡಾರ್ ಲೂರಿಯಾ ಮತ್ತು ಮ್ಯಾಕ್ಸ್ ಡೆಲ್‌ಬ್ರುಕ್, ಬ್ಯಾಕ್ಟೀರಿಯಾದಲ್ಲಿ ಇಂಥ ಮಾರ್ಪಾಡು ಶತ್ರು ಎದುರಾಗುವ ಮುಂಚೆಯೇ ತಾನಾಗಿ ಹುಟ್ಟಿರುತ್ತದೆ, ಶತ್ರು ಬಂದಾಗ ಉಳಿಯುವುದು ಅದನ್ನು ಹೊತ್ತವು ಮಾತ್ರ ಎಂದು ತೋರಿಸಿದ್ದರು. ಅವರು ನೋಡಿದ್ದು ವೈರಸ್ಸಿನ ದಾಳಿಯನ್ನು. ಸ್ಟ್ಯಾಫಿಲೊಕಾಕಸ್ ಮತ್ತು ಪೆನಿಸಿಲಿನ್ ವಿಷಯದಲ್ಲೂ ಅದೇ ಎಂದು ಮಿಲಿಸ್ಲಾವ್ ಡೆಮೆರೆಕ್ 1945ರಲ್ಲಿ ಬರೆದರು. ಇನ್ನೂ ಹಿಂದೆ ಹೋದರೆ 1940ರಲ್ಲಿ, ಪೆನಿಸಿಲಿನ್ ಇನ್ನೂ ರೋಗಿಗಳ ಬಳಿ ಬರುವ ಮುಂಚೆಯೇ, ಅದನ್ನು ಒಡೆದು ಹಾಕುವ ಕಿಣ್ವ ಬ್ಯಾಕ್ಟೀರಿಯಾದಲ್ಲಿದೆ ಎಂದು ಎಡ್ವರ್ಡ್ ಅಬ್ರಹಾಂ ಮತ್ತು ಅರ್ನ್‌ಸ್ಟ್ ಚೇನ್ ಪ್ರಕಟಿಸಿದ್ದರು. ಅದೇ ಚೇನ್ ಜೊತೆಗೇ ಫ್ಲೆಮಿಂಗ್ ನೊಬೆಲ್ ಹಂಚಿಕೊಂಡದ್ದು. 1944ರಲ್ಲಿ ಅಮೆರಿಕದ ವಿಲಿಯಂ ಕರ್ಬಿ, ಮದ್ದಿಗೆ ಮೊದಲಿಂದಲೇ ಜಗ್ಗದ ಸ್ಟ್ಯಾಫಿಲೊಕಾಕಸ್‌ನಿಂದ ಅಂಥದೇ ಕಿಣ್ವವನ್ನು ಬೇರ್ಪಡಿಸಿದರು. ಯಾರೂ ಪಾಠ ಹೇಳಿರಲಿಲ್ಲ. ಅವು ಕಲಿತೇ ಬಂದಿದ್ದವು.

ವಿಚಿತ್ರವೆಂದರೆ ಫ್ಲೆಮಿಂಗ್ ಅವರ 1929ರ ಮೂಲ ಪ್ರಬಂಧದಲ್ಲೇ ಇದಕ್ಕೆ ಬೇಕಾದ ಸಾಮಗ್ರಿ ಇದೆ. ಆಗ ಅವರಿಗೆ ಪೆನಿಸಿಲಿನ್ ಮದ್ದಾಗಿ ಅಷ್ಟೇನೂ ಆಸೆ ಹುಟ್ಟಿಸಿರಲಿಲ್ಲ; ಪ್ರಬಂಧದ ಶೀರ್ಷಿಕೆಯಲ್ಲಿ ಎದ್ದು ಕಾಣುವುದು ಅದರ ಇನ್ನೊಂದು ಉಪಯೋಗ. ಮೂಗು, ಗಂಟಲಿನ ದ್ರವವನ್ನು ತಟ್ಟೆಯ ಮೇಲೆ ಸವರಿ ಅರ್ಧ ಭಾಗಕ್ಕೆ ಪೆನಿಸಿಲಿನ್ ಹಚ್ಚಿದರೆ ಅಲ್ಲಿ ಸ್ಟ್ಯಾಫಿಲೊಕಾಕಸ್ ಇತ್ಯಾದಿ ಅಡಗುತ್ತವೆ, ಮದ್ದಿಗೆ ಸೊಪ್ಪು ಹಾಕದ ಇನ್‌ಫ್ಲುಯೆಂಜಾ ಬ್ಯಾಸಿಲಸ್ ಮಾತ್ರ ನಿರಾತಂಕವಾಗಿ ಹರಡುತ್ತದೆ. ಕಡಿಮೆ ಮದ್ದಲ್ಲ, ಬೇಕಾದಷ್ಟು ಮದ್ದು. ಅದು ಮಾಡಿದ ಕೆಲಸ ಜಾಗ ತೆರವು ಮಾಡಿಕೊಟ್ಟದ್ದು. ಮೂರು ವಾರ ಸೆಫ್ಟ್ರಿಯಾಕ್ಸೋನ್, ಮೆರೊಪೆನೆಮ್ ಹರಿಸಿದ ಐಸಿಯು ರೋಗಿಯ ಕರುಳಿನಲ್ಲಿ ಆಗುವುದೂ ಇದೇ. ಮದ್ದು ಕೊಟ್ಟದ್ದು ಶ್ವಾಸಕೋಶದ ಸೋಂಕಿಗೆ. ಕರುಳಿನಲ್ಲಿ ಕೋಟಿಗಟ್ಟಲೆ ನಿರುಪದ್ರವಿಗಳು ಸತ್ತು, ಮೂಲೆಯಲ್ಲಿದ್ದ, ಮದ್ದಿಗೆ ಜಗ್ಗದ ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾ ಮನೆಯ ಯಜಮಾನನಾಗುತ್ತದೆ. ಅದು ರೋಗಕ್ಕೆ ಕಾರಣವೂ ಆಗಿರಲಿಲ್ಲ, ಚಿಕಿತ್ಸೆಯ ಗುರಿಯೂ ಆಗಿರಲಿಲ್ಲ. ಮದ್ದು ಸಾಕಾಗದೆ ಅದು ಬೆಳೆಯಿತು ಎನ್ನುವುದು ತಿರುಗಾಮುರುಗಾ ಮಾತು. ಮದ್ದಿನ ದಿನ ಹೆಚ್ಚಿದಷ್ಟೂ ಅದಕ್ಕೆ ಅನುಕೂಲ.

ಈ ಮಾತನ್ನು ಆ ಕಾಲದಲ್ಲೇ ವಾರ್ಡಿನಲ್ಲಿ ನಿಂತು ಸಾಬೀತು ಮಾಡಿದವರು ಮೇರಿ ಬಾರ್ಬರ್. ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯ ಬ್ಯಾಕ್ಟೀರಿಯಾ ತಜ್ಞೆ. ಫ್ಲೆಮಿಂಗ್ ಹೆಸರು ನಮ್ಮ ಶಾಲೆಯ ಮಕ್ಕಳಿಗೂ ಗೊತ್ತು. ಇವರ ಹೆಸರನ್ನು ಕನ್ನಡದ ಯಾವ ವಿಜ್ಞಾನ ಲೇಖನದಲ್ಲೂ ನಾನು ಕಂಡಿಲ್ಲ. ತಮ್ಮ ಆಸ್ಪತ್ರೆಯ ರೋಗಿಗಳಿಂದ ಬಂದ ಸ್ಟ್ಯಾಫಿಲೊಕಾಕಸ್‌ಗಳನ್ನು ಅವರು ಪೆನಿಸಿಲಿನ್ ಎದುರು ಒಂದೊಂದಾಗಿ ಪರೀಕ್ಷಿಸುತ್ತ ಹೋದರು. ಜಗ್ಗದವು 1946ರಲ್ಲಿ ಶೇ. 14. ಮರುವರ್ಷ ಶೇ. 38. 1948ಕ್ಕೆ ಶೇ. 59. ನೊಬೆಲ್ ಉಪನ್ಯಾಸವಾಗಿ ಮೂರು ವರ್ಷವೂ ತುಂಬಿರಲಿಲ್ಲ.

ಈ ಅಂಕಿಗಳನ್ನು ಕಂಡರೆ ಯಾರಿಗೂ ಫ್ಲೆಮಿಂಗ್ ಗೆದ್ದರು ಎನ್ನಿಸಬಹುದು. ಬಾರ್ಬರ್ ಹಾಗೆ ಅಂದುಕೊಳ್ಳಲಿಲ್ಲ, ಅವರ ದೊಡ್ಡತನ ಅಲ್ಲಿದೆ. ಪ್ರಯೋಗಾಲಯದಲ್ಲಿ ಪಳಗಿಸಿದ ಸ್ಟ್ಯಾಫಿಲೊಕಾಕಸ್ಸನ್ನೂ ವಾರ್ಡಿನಿಂದ ಬಂದದ್ದನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ಪಳಗಿಸಿದ್ದು ಸೊರಗಿದ ಜೀವಿ; ಪೆನಿಸಿಲಿನ್ ಒಡೆಯುವ ಕಿಣ್ವ ಅದರಲ್ಲಿಲ್ಲ, ಮದ್ದು ನಿಲ್ಲಿಸಿದರೆ ಹಳೆಯ ಸ್ಥಿತಿಗೆ ಮರಳುವುದೂ ಉಂಟು. ವಾರ್ಡಿನದು ದಷ್ಟಪುಷ್ಟ, ಕಿಣ್ವ ಸುರಿಸಿ ಮದ್ದನ್ನೇ ನಾಶ ಮಾಡುವಂಥದ್ದು. ಎರಡರ ಜಾತಕವೇ ಬೇರೆ. ಅಂದಮೇಲೆ ರೋಗಿಗಳ ದೇಹದಲ್ಲಿ ಮೆತ್ತಗಿದ್ದ ಬ್ಯಾಕ್ಟೀರಿಯಾ ಅರೆಬರೆ ಮದ್ದಿನಿಂದ ಗಟ್ಟಿಯಾಗುತ್ತಿಲ್ಲ. ಮೊದಲೇ ಕಿಣ್ವವಿದ್ದ ಕೆಲವು ತಳಿಗಳು ಪೆನಿಸಿಲಿನ್ ತೆರವು ಮಾಡಿದ ಜಾಗಕ್ಕೆ ನುಗ್ಗಿ, ಹಾಸಿಗೆಯಿಂದ ಹಾಸಿಗೆಗೆ ಹರಡುತ್ತಿವೆ. ಅವು ಯಾವ ತಳಿ ಎಂದು ಗುರುತಿಸಲು 1949ರಲ್ಲಿ ಫೇಜ್ ವೈರಸ್‌ಗಳನ್ನು ಬಳಸಿ ಪರೀಕ್ಷಿಸಿದರು. ಗಂಡಹೆಂಡಿರ ಕಥೆಯಿಂದ ಆಸ್ಪತ್ರೆಯ ಕಥೆಗೆ ಬಂದದ್ದು ಇಲ್ಲಿ.

ಅವರು ಅಷ್ಟಕ್ಕೆ ನಿಲ್ಲಲಿಲ್ಲ. ಐವತ್ತರ ದಶಕದ ಕೊನೆಗೆ ಹ್ಯಾಮರ್‌ಸ್ಮಿತ್‌ನಲ್ಲಿ ಪೆನಿಸಿಲಿನ್ ಬಳಕೆಗೆ ಕಡಿವಾಣ ಹಾಕಿಸಿದರು, ಉಳಿದ ಮದ್ದುಗಳನ್ನು ಒಂಟಿಯಾಗಿ ಕೊಡದೆ ಜೋಡಿಯಾಗಿ ಕೊಡಿಸಿದರು, ವಾರ್ಡಿನೊಳಗೆ ಸೋಂಕು ದಾಟದಂತೆ ಬಿಗಿ ಮಾಡಿಸಿದರು. ಜಗ್ಗದ ತಳಿಗಳ ಪಾಲು ಇಳಿಯಿತು. 1960ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಆ ಪ್ರಬಂಧದ ಶೀರ್ಷಿಕೆಯೇ ನಿರೋಧವನ್ನು ಹಿಂದಕ್ಕೆ ತಿರುಗಿಸಿದ ಬಗ್ಗೆ. ಐದು ವರ್ಷಗಳ ನಂತರ ಬಾರ್ಬರ್ ಕಾರು ಅಪಘಾತದಲ್ಲಿ ತೀರಿಕೊಂಡರು.

ಇದಕ್ಕೆ ಜೋಡಿಯಾಗಿ ಓದಬೇಕಾದ ಇನ್ನೊಂದು ಪ್ರಬಂಧ 1970ರದು, ಲ್ಯಾನ್ಸೆಟ್‌ನಲ್ಲಿ ಬಂದದ್ದು. ಗ್ಲಾಸ್ಗೋ ಬಳಿಯ ಕಿಲರ್ನ್ ಆಸ್ಪತ್ರೆಯ ನರಶಸ್ತ್ರಚಿಕಿತ್ಸಾ ಘಟಕದಲ್ಲಿ ಕ್ಲೆಬ್ಸಿಯೆಲ್ಲಾ ಬೀಡುಬಿಟ್ಟಿತ್ತು. ಒಂದರ ಮೇಲೊಂದು ಮದ್ದು ಕೊಟ್ಟರೂ ಹೋಗದು. ಪ್ರೈಸ್ ಮತ್ತು ಸ್ಲೇ ಎಂಬಿಬ್ಬರು ಕೊನೆಗೆ ಘಟಕದಲ್ಲಿ ಆಂಟಿಬಯಾಟಿಕ್ ಕೊಡುವುದನ್ನೇ ನಿಲ್ಲಿಸಿದರು, ತಡೆಗೂ ಇಲ್ಲ, ಚಿಕಿತ್ಸೆಗೂ ಇಲ್ಲ. ಕ್ಲೆಬ್ಸಿಯೆಲ್ಲಾ ಸೋಂಕು ಮಾಯವಾಯಿತು. ಇವತ್ತಿನ ಯಾವ ನೈತಿಕ ಸಮಿತಿಯೂ ಇಂಥ ಪ್ರಯೋಗಕ್ಕೆ ಸುಲಭವಾಗಿ ಒಪ್ಪಲಾರದು, ಮತ್ತು ಎಲ್ಲ ಐಸಿಯುಗಳಲ್ಲೂ ಹೀಗೆ ಮಾಡಿ ಎಂದು ನಾನು ಹೇಳುತ್ತಿಲ್ಲ. ಆದರೆ ಬಳಸುವುದಾದರೆ ಸಾಕಷ್ಟು ಬಳಸಿ ಎಂಬ ನೀತಿಯನ್ನು ಹಿಡಿದು ಈ ಘಟನೆಯನ್ನು ವಿವರಿಸಲು ಬರುವುದಿಲ್ಲ.

ಇಲ್ಲಿ ನನ್ನ ಸಹ ವಿಮರ್ಶಕರ ಜೊತೆ ಸ್ವಲ್ಪ ಜಗಳ ಆಡಬೇಕು. ಫ್ಲೆಮಿಂಗ್ ಕಥೆಯ ಮೇಲೆ ಮೊದಲು ಕೈಯಿಟ್ಟವನು ನಾನಲ್ಲ. 2017ರಲ್ಲಿ ಮಾರ್ಟಿನ್ ಲೆವೆಲಿನ್ ಮತ್ತು ಸಂಗಡಿಗರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ, ಕೋರ್ಸ್ ಮುಗಿಸಿ ಎಂಬ ಉಪದೇಶಕ್ಕೆ ಪುರಾವೆ ಇಲ್ಲ, ಬೇಡದ ದಿನಗಳ ಮದ್ದೇ ನಿರೋಧಕ್ಕೆ ದಾರಿ ಎಂದು ಬರೆದರು. ಸ್ಟ್ರೆಪ್ಟೊಕಾಕಸ್ ವಿಷಯದ ವಿಪರ್ಯಾಸವನ್ನೂ ಅವರೇ ಎತ್ತಿ ತೋರಿಸಿದ್ದರು. ದೊಡ್ಡ ಗದ್ದಲವಾಯಿತು. ಜನಕ್ಕೆ ಗೊಂದಲವಾಗುತ್ತದೆ, ಹಳೆಯ ಮಾತನ್ನೇ ಮುಂದುವರಿಸೋಣ ಎಂದವರು ಬಹಳ. ಈ ಎರಡನೆಯ ಗುಂಪಿನವರ ವಾದ ನನಗೆ ವಿಚಿತ್ರವಾಗಿ ಕಾಣುತ್ತದೆ. ಮಾತು ಸರಿಯೋ ತಪ್ಪೋ ಎಂದು ಅವರು ಕೇಳುತ್ತಿಲ್ಲ. ಹೇಳಿ ಹೇಳಿ ರೂಢಿಯಾಗಿದೆ, ಬಿಡುವುದು ಹೇಗೆ ಎನ್ನುತ್ತಿದ್ದಾರೆ. ಆದರೆ ಲೆವೆಲಿನ್ ಬಳಗದ ಬಗ್ಗೆಯೂ ನನಗೆ ಪೂರ್ತಿ ಸಮಾಧಾನವಿಲ್ಲ. ಕಥೆಯನ್ನು ಅವರು ತಿದ್ದಿದರು, ಬಿಟ್ಟುಕೊಡಲಿಲ್ಲ. ಶ್ರೀಮಾನ್ ಎಕ್ಸ್ ಮೊದಲು ಬೇಗ ನಿಲ್ಲಿಸಿ ತಪ್ಪು ಮಾಡುತ್ತಿದ್ದ, ಈಗ ತಡವಾಗಿ ನಿಲ್ಲಿಸಿ ಮಾಡುತ್ತಾನೆ. ಮಾತ್ರೆಯ ಚೀಟಿ ಹಿಡಿದ ಆ ಒಬ್ಬ ಮನುಷ್ಯ ವೇದಿಕೆಯ ನಡುವಿನಿಂದ ಕದಲಿಲ್ಲ. ಗಂಟಲಿನಿಂದ ವಾರ್ಡಿಗೆ ಹೋಗಬೇಕಾದ ಚರ್ಚೆ ಐದು ದಿನವೋ ಹತ್ತು ದಿನವೋ ಎಂಬಲ್ಲಿಗೆ ಸಿಕ್ಕಿಹಾಕಿಕೊಂಡಿತು.

ನಮ್ಮ ಕನ್ನಡದ ವಿಜ್ಞಾನ ಬರಹಗಾರರಿಗಂತೂ ಈ ಗದ್ದಲ ಮುಟ್ಟಿದಂತೆಯೇ ಇಲ್ಲ. ಅವರ ಲೇಖನಗಳಲ್ಲಿ ಖಳನಾಯಕರು ಇಬ್ಬರೇ: ಚೀಟಿ ಇಲ್ಲದೆ ಮಾತ್ರೆ ಕೊಡುವ ಮೆಡಿಕಲ್ ಶಾಪಿನವನು, ಜ್ವರ ಬಿಟ್ಟ ಕೂಡಲೇ ಮಾತ್ರೆ ಬಿಡುವ ರೋಗಿ. ಇಬ್ಬರೂ ತಪ್ಪೇ ಮಾಡುವುದಿಲ್ಲ ಎನ್ನುವಂತಿಲ್ಲ. ಊರಿನಲ್ಲಿ ಮನಬಂದಂತೆ ಮಾರಾಟವಾಗುವ ಮದ್ದು ಊರಿನವರ ಕರುಳಿನಲ್ಲಿ ನಿರೋಧ ಹೆಚ್ಚಿಸುತ್ತದೆ, ಅವರು ಆಸ್ಪತ್ರೆಗೆ ಬರುವಾಗ ಅದನ್ನು ಹೊತ್ತೇ ಬರುತ್ತಾರೆ. ಸರ್ಕಾರ 2014ರಿಂದ ಜಾರಿಗೆ ತಂದ, ಚೀಟಿ ಇಲ್ಲದೆ ಮಾರಬಾರದ ಮದ್ದುಗಳ ಎಚ್1 ಪಟ್ಟಿ, ಮಾತ್ರೆಯ ಸ್ಟ್ರಿಪ್ ಮೇಲಿನ ಕೆಂಪು ಗೆರೆ ಎರಡೂ ಬೇಕಾದವೇ. ಆದರೆ ಆಸ್ಪತ್ರೆಯಲ್ಲಿ ಕೊಲ್ಲುತ್ತಿರುವ ಬ್ಯಾಕ್ಟೀರಿಯಾದ ವಿಷಯದಲ್ಲಿ ಎಲ್ಲ ಗೂಬೆಯನ್ನೂ ಇವರ ತಲೆಯ ಮೇಲೆ ಕೂರಿಸುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ. ಐಸಿಎಂಆರ್‌ನ ನಿರೋಧ ನಿಗಾ ಜಾಲದ ಇತ್ತೀಚಿನ ವರದಿಗಳ ಪ್ರಕಾರ ಅಸಿನೆಟೊಬ್ಯಾಕ್ಟರ್ ಮಾದರಿಗಳಲ್ಲಿ ಹತ್ತಕ್ಕೆ ಹೆಚ್ಚುಕಡಿಮೆ ಒಂಬತ್ತು ಕಾರ್ಬಪೆನೆಮ್‌ಗಳಿಗೆ ಜಗ್ಗುವುದಿಲ್ಲ. ಆ ಗುಂಪಿನ ಮೆರೊಪೆನೆಮ್ ಮಾತ್ರೆಯಲ್ಲ, ರಕ್ತನಾಳಕ್ಕೆ ಹಾಕುವ ಮದ್ದು. ಗಂಟಲು ನೋವಿಗೆ ಅದನ್ನು ಅಂಗಡಿಯಲ್ಲಿ ಕೊಂಡು, ಎರಡು ದಿನ ಹಾಕಿಕೊಂಡು ಬಿಟ್ಟ ಶ್ರೀಮಾನ್ ಎಕ್ಸ್‌ನನ್ನು ಯಾರಾದರೂ ತೋರಿಸಲಿ.

ಇನ್ನೂ ಕಟುವಾದ ಉದಾಹರಣೆ ಬೇಕಿದ್ದರೆ ದೆಹಲಿಯ ಮೂರು ದೊಡ್ಡ ಆಸ್ಪತ್ರೆಗಳ ನವಜಾತ ಶಿಶುಗಳ ಅಧ್ಯಯನವಿದೆ, 2016ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್‌ನಲ್ಲಿ ಬಂದದ್ದು. ಕೂಸುಗಳ ರಕ್ತದ ಸೋಂಕಿನಲ್ಲಿ ಎಲ್ಲಕ್ಕಿಂತ ಹೆಚ್ಚು ಕಂಡದ್ದು ಅಸಿನೆಟೊಬ್ಯಾಕ್ಟರ್, ಅದರಲ್ಲಿ ಶೇ. 82 ಬಹುಮದ್ದುಗಳಿಗೆ ಜಗ್ಗದವು. ಎಷ್ಟೋ ಕೂಸುಗಳಿಗೆ ಹುಟ್ಟಿ ಮೂರು ದಿನದೊಳಗೇ ಸೋಂಕು. ಅವು ಯಾವ ಕೋರ್ಸನ್ನು ಅರ್ಧಕ್ಕೆ ಬಿಟ್ಟಿದ್ದವು?

ಕ್ಷಯರೋಗದ ಮಾತು ಎತ್ತುವವರಿದ್ದಾರೆ, ಎತ್ತಲೇಬೇಕು. ಮದ್ದು ನಡುವೆ ಬಿಟ್ಟರೆ ಅನಾಹುತ ಎಂಬ ಮಾತು ನಮ್ಮ ಹಳ್ಳಿಗಳಲ್ಲಿ ಬೇರೂರಿದ್ದು ಫ್ಲೆಮಿಂಗ್‌ನಿಂದಲ್ಲ, ಟಿಬಿಯಿಂದ. ಅಲ್ಲಿ ಅದು ನಿಜವೂ ಹೌದು. ಟಿಬಿಯ ಬ್ಯಾಸಿಲಸ್‌ಗೆ ಬೇರೆಯದರಿಂದ ನಿರೋಧ ಎರವಲು ಪಡೆಯುವ ಅಭ್ಯಾಸವಿಲ್ಲ; ರೋಗಿಯ ಎದೆಯೊಳಗೇ ತಾನಾಗಿ ಮಾರ್ಪಟ್ಟು, ಒಂಟಿ ಮದ್ದಿನಡಿ ಮೇಲೆದ್ದು ಬರುತ್ತದೆ. 1948ರ ಸ್ಟ್ರೆಪ್ಟೊಮೈಸಿನ್ ಪ್ರಯೋಗದಲ್ಲಿ ಆದದ್ದೇ ಅದು. ಆದರೆ ಪಾರು ಮಾಡಿದ್ದು ಮದ್ದುಗಳನ್ನು ಕೂಡಿಸಿ ಕೊಟ್ಟದ್ದು. ಒಂದನ್ನೇ ಸಾಕಷ್ಟು ಕೊಟ್ಟದ್ದಲ್ಲ. ಇನ್ನು ರೋಗಿಯ ಬೇಜವಾಬ್ದಾರಿಯ ಬಗ್ಗೆ ಹೇಳುವುದಾದರೆ, ನಮ್ಮ ತುಮಕೂರು ಜಿಲ್ಲೆಯಲ್ಲೇ ನಡೆದ ಒಂದು ಅಧ್ಯಯನವನ್ನು ಕನ್ನಡದ ಆರೋಗ್ಯ ಲೇಖಕರು ಮರೆತಂತಿದೆ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1959ರಲ್ಲಿ ಆರಂಭವಾದ ಹೊಸದರಲ್ಲಿ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಹಳ್ಳಿಹಳ್ಳಿಯ ರೋಗಿಗಳನ್ನು ಮಾತಾಡಿಸಿ 1963ರಲ್ಲಿ ಪ್ರಕಟಿಸಿದ್ದು. ಹಳ್ಳಿಯವರಿಗೆ ಅರಿವಿಲ್ಲ, ಕೆಮ್ಮಿದರೂ ಡಾಕ್ಟರ ಹತ್ತಿರ ಬರುವುದಿಲ್ಲ ಎಂಬುದು ಆಗಿನ ನಂಬಿಕೆ. ಕಂಡದ್ದೇನೆಂದರೆ ಬಹುಪಾಲು ಜನಕ್ಕೆ ತಮ್ಮ ಕಾಯಿಲೆಯ ಅರಿವಿತ್ತು, ಸುಮಾರು ಅರ್ಧದಷ್ಟು ಜನ ಆಗಲೇ ಆಸ್ಪತ್ರೆಗೆ ಹೋಗಿಯೂ ಬಂದಿದ್ದರು. ಅಲ್ಲಿ ಅವರಿಗೆ ಸಿಕ್ಕಿದ್ದು ಕೆಮ್ಮಿನ ಔಷಧದ ಸೀಸೆ. ಆ ಸೀಸೆ ಹಿಡಿದು ಹೊರಟವನನ್ನು ಅಜ್ಞಾನಿ ಎಂದು ಬರೆದಿಡುವುದು ಸುಲಭವಿತ್ತು. ಬ್ಯಾನರ್ಜಿ ಹಾಗೆ ಬರೆಯಲಿಲ್ಲ.

ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಬಂಧುವೊಬ್ಬರಿಗಾಗಿ ಐಸಿಯು ಬಾಗಿಲಲ್ಲಿ ಕಾದು ಕೂರುತ್ತಿದ್ದಾಗ ಎದುರಿನ ಗೋಡೆಯ ಮೇಲೆ ಬಣ್ಣದ ಪೋಸ್ಟರ್ ಇತ್ತು: ಕೋರ್ಸ್ ಮುಗಿಸಿ, ಸೂಪರ್‌ಬಗ್ ತಡೆಯಿರಿ. ಒಳಗೆ ಹೋಗಲು ಹಸಿರು ಗೌನು, ಚಪ್ಪಲಿಗೆ ಚೀಲ, ಎಲ್ಲ ಶಿಸ್ತು. ಹಾಸಿಗೆಗೆ ಎರಡು ಮಾರು ದೂರದಲ್ಲಿ ಕೈತೊಳೆಯುವ ಸಿಂಕು. ಮೊಣಕೈಯಲ್ಲಿ ತಿರುಗಿಸುವ ಉದ್ದ ಹಿಡಿಯ ನಲ್ಲಿ, ಅದರ ಧಾರೆ ನೇರವಾಗಿ ಜಾಲರಿಯ ಮೇಲೆ ಬಿದ್ದು ಸುತ್ತಲೂ ಸಣ್ಣಗೆ ಚಿಮ್ಮುತ್ತಿತ್ತು. ಪಕ್ಕದ ಕಟ್ಟೆಯ ಮೇಲೆ ಸಿರಿಂಜ್ ಜೋಡಿಸಿಟ್ಟ ಟ್ರೇ. ಆಯಾ ಒಬ್ಬರು ಬಂದು ಮಿಕ್ಕಿದ ಗ್ಲೂಕೋಸ್ ಡ್ರಿಪ್ಪನ್ನೂ ರೋಗಿಯ ಬಾಯಿ ಮುಕ್ಕಳಿಸಿದ ನೀರನ್ನೂ ಅದೇ ಸಿಂಕಿಗೆ ಸುರಿದು ಹೋದರು. ಅವರಿಗೆ ಬೇರೆ ಜಾಗ ತೋರಿಸಿದವರು ಯಾರೂ ಇದ್ದಂತಿರಲಿಲ್ಲ. ಆ ಹಿಂದೆಯೇ ನರ್ಸ್ ಬಂದು ನಿಯಮದಂತೆ ಕೈ ತೊಳೆದರು. ಸಿಂಕಿನ ಕೊಳವೆಯ ಬಾಗಿನಲ್ಲಿ ಲೋಳೆ ಕಟ್ಟಿಕೊಂಡು ಬದುಕುವ ಬ್ಯಾಕ್ಟೀರಿಯಾಕ್ಕೆ ಗ್ಲೂಕೋಸಿಗಿಂತ ಒಳ್ಳೆಯ ಊಟವಿಲ್ಲ. ಕೊಳವೆಯಿಂದ ಜಾಲರಿಗೆ ಏರಿ, ನೀರು ಬಿದ್ದಾಗ ಚಿಮ್ಮಿ ಟ್ರೇ ತಲುಪುವ ದಾರಿಯನ್ನು ಹಲವು ದೇಶಗಳ ಆಸ್ಪತ್ರೆಗಳಲ್ಲಿ ಹಿಡಿದು ತೋರಿಸಿದ್ದಾರೆ. ಪೋಸ್ಟರ್ ಇದ್ದದ್ದು ಹೊರಗೆ, ನಮ್ಮಂಥವರ ಕಣ್ಣಿಗೆ ಬೀಳುವ ಹಾಗೆ.

ನಿಜವಾದ ಕಥೆ ಹೇಗಿರುತ್ತದೆ ಎಂಬುದಕ್ಕೆ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಆಸ್ಪತ್ರೆಯಲ್ಲಿ 2011ರಲ್ಲಿ ನಡೆದದ್ದನ್ನು ಓದಬೇಕು. ಜೂನ್ ತಿಂಗಳಲ್ಲಿ ಕಾರ್ಬಪೆನೆಮ್‌ಗೆ ಜಗ್ಗದ ಕ್ಲೆಬ್ಸಿಯೆಲ್ಲಾ ಇದ್ದ ರೋಗಿಯೊಬ್ಬರು ದಾಖಲಾದರು. ಗೊತ್ತಿದ್ದೇ ದಾಖಲಿಸಿಕೊಂಡದ್ದು, ಪ್ರತ್ಯೇಕ ಕೋಣೆ, ಎಲ್ಲ ಎಚ್ಚರಿಕೆ. ಅವರು ಬಿಡುಗಡೆಯಾಗಿ ಹೋದರು. ವಾರಗಳ ನಂತರ ಇನ್ನೊಬ್ಬರಲ್ಲಿ ಕಾಣಿಸಿತು, ಮತ್ತೊಬ್ಬರಲ್ಲಿ, ಮಗದೊಬ್ಬರಲ್ಲಿ. ಒಟ್ಟು 18 ಜನ. ಅವರಲ್ಲಿ 11 ಮಂದಿ ತೀರಿಕೊಂಡರು, 6 ಸಾವುಗಳಿಗೆ ಈ ಸೋಂಕೇ ಕಾರಣ. ಬ್ಯಾಕ್ಟೀರಿಯಾದ ಇಡೀ ಜೀನೋಮ್ ಓದಿ ನೋಡಿದಾಗ ಎಲ್ಲವೂ ಆ ಮೊದಲ ರೋಗಿಯಿಂದಲೇ ಹೊರಟದ್ದು, ನಡುವೆ ಲಕ್ಷಣವೇ ಇಲ್ಲದವರ ಕರುಳಿನ ಮೂಲಕ ಸದ್ದಿಲ್ಲದೆ ದಾಟಿದ್ದು ಎಂದು ತಿಳಿಯಿತು. ಸಿಂಕಿನ ಕೊಳವೆಯಲ್ಲೂ, ತೊಳೆದಿಟ್ಟಿದ್ದ ವೆಂಟಿಲೇಟರ್‌ನಲ್ಲೂ ಅದು ಸಿಕ್ಕಿತು. ಇಲ್ಲಿ ಕೊಲೆಗಾರ ಯಾರು? ಯಾರ ನಿರ್ಲಕ್ಷ್ಯ? ಹೆಸರು ಹಿಡಿದು ಹೇಳಲು ಒಬ್ಬನೂ ಇಲ್ಲ. ಸಣ್ಣಕಥೆಗೆ ಇದು ಒಗ್ಗುವುದಿಲ್ಲ, ಅದಕ್ಕೇ ಯಾರೂ ಇದನ್ನು ಗೋಡೆಗೆ ಹಚ್ಚುವುದಿಲ್ಲ.

ಕಾರ್ಬಪೆನೆಮ್‌ಗಳನ್ನು ಒಡೆಯುವ ಕಿಣ್ವದ ಜೀನ್ ಎನ್‌ಡಿಎಂ-1ರ ಗಲಾಟೆ ನಡೆದಾಗಲೂ ಹೀಗೇ ಆಯಿತು. 2010ರಲ್ಲಿ ಆ ಜೀನ್ ಭಾರತದ ಆಸ್ಪತ್ರೆಗಳಲ್ಲಿ ಹರಡಿದೆ ಎಂಬ ಪ್ರಬಂಧ ಬಂದಾಗ ನಾವು ಜಗಳವಾಡಿದ್ದು ಅದರಲ್ಲಿರುವ ನವದೆಹಲಿಯ ಹೆಸರಿನ ಬಗ್ಗೆ. ಮರುವರ್ಷ ದೆಹಲಿಯ ಬೀದಿಯಲ್ಲಿ ನಿಂತ ನೀರಿನ 171 ಮಾದರಿಗಳಲ್ಲಿ 51ರಲ್ಲಿ, ಕುಡಿಯುವ ನೀರಿನ 50ರಲ್ಲಿ 2ರಲ್ಲಿ ಅದು ಸಿಕ್ಕಿತು. ಪ್ಲಾಸ್ಮಿಡ್ ಎಂಬ ಉಂಗುರದ ಮೇಲೆ ಕೂತು ಒಂದು ಜಾತಿಯ ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟಬಲ್ಲ ಜೀನ್ ಅದು. ಹೀಗೆ ನಿರೋಧ ಕೈಬದಲಾಗುತ್ತದೆ ಎಂದು ಜಪಾನಿನವರು 1959ರಲ್ಲೇ ಆಮಶಂಕೆಯ ಬ್ಯಾಕ್ಟೀರಿಯಾದಲ್ಲಿ ಕಂಡಿದ್ದರು. ಚರಂಡಿಗೆ ಕೋರ್ಸ್ ಮುಗಿಸು ಎಂದು ಹೇಳುವುದು ಹೇಗೆ?

ಹಾಗಾದರೆ ಯಾವುದು ಫಲ ಕೊಟ್ಟಿದೆ? ಪುರಾವೆ ಕಡಿಮೆಯೇನಿಲ್ಲ. 2024ರ ನವೆಂಬರಿನಲ್ಲಿ ಪ್ರಕಟವಾದ ಬ್ಯಾಲೆನ್ಸ್ ಪ್ರಯೋಗದಲ್ಲಿ ರಕ್ತದ ಸೋಂಕಿನಿಂದ ಆಸ್ಪತ್ರೆಯಲ್ಲಿದ್ದ 3,608 ರೋಗಿಗಳಿಗೆ 7 ದಿನ ಅಥವಾ 14 ದಿನ ಮದ್ದು ಕೊಟ್ಟು ನೋಡಿದರು. ತೊಂಬತ್ತು ದಿನಗಳೊಳಗೆ ತೀರಿಕೊಂಡವರು 7 ದಿನದ ಗುಂಪಿನಲ್ಲಿ ಶೇ. 14.5, 14 ದಿನದ ಗುಂಪಿನಲ್ಲಿ ಶೇ. 16.1. ಸ್ಟ್ಯಾಫಿಲೊಕಾಕಸ್ ಆರಿಯಸ್ ಸೋಂಕಿನವರನ್ನೂ ರೋಗನಿರೋಧಕ ಶಕ್ತಿ ತೀರಾ ಕುಂದಿದವರನ್ನೂ ಬಿಟ್ಟು ನಡೆಸಿದ ಪ್ರಯೋಗ ಅದು, ಎಲ್ಲರಿಗೂ ಅನ್ವಯಿಸದು. ಆದರೂ ಅಷ್ಟು ಗಂಭೀರ ಸೋಂಕಿನಲ್ಲೇ ಎರಡನೆಯ ವಾರದ ಮದ್ದು ಬಹುತೇಕರಿಗೆ ಬೇಡವಾಗಿತ್ತು, ಮತ್ತು ಆ ವಾರವನ್ನು ಬರೆದುಕೊಟ್ಟವನು ರೋಗಿಯಲ್ಲ.

ಇಂಗ್ಲೆಂಡಿನ ಎಂಆರ್‌ಎಸ್‌ಎ ಕಥೆ ಇನ್ನೂ ಸ್ಪಷ್ಟ. ಮೆಥಿಸಿಲಿನ್ ಬಂದು ಹೆಚ್ಚು ದಿನವಾಗುವ ಮುಂಚೆಯೇ, 1961ರಲ್ಲಿ, ಅದಕ್ಕೆ ಜಗ್ಗದ ಸ್ಟ್ಯಾಫಿಲೊಕಾಕಸ್ಸನ್ನು, ಅಂದರೆ ಎಂಆರ್‌ಎಸ್‌ಎಯನ್ನು, ಪ್ಯಾಟ್ರಿಶಿಯಾ ಜೆವನ್ಸ್ ವರದಿ ಮಾಡಿದ್ದರು. ನಲವತ್ತು ವರ್ಷ ಅದನ್ನು ಹಣೆಬರಹ ಎಂಬಂತೆ ಸಹಿಸಿಕೊಂಡರು. 2003-04ರಲ್ಲಿ ರಕ್ತದ ಎಂಆರ್‌ಎಸ್‌ಎ ಸೋಂಕು ಏಳೂವರೆ ಸಾವಿರ ದಾಟಿತು. ಪ್ರತಿ ಆಸ್ಪತ್ರೆಯೂ ತನ್ನ ಲೆಕ್ಕವನ್ನು ಬಹಿರಂಗವಾಗಿ ಕೊಡಲೇಬೇಕು, 2008ರೊಳಗೆ ಅರ್ಧಕ್ಕೆ ಇಳಿಸಲೇಬೇಕು ಎಂದು ಸರ್ಕಾರ ಕಟ್ಟುನಿಟ್ಟು ಮಾಡಿತು. ಹಾಸಿಗೆ ಪಕ್ಕದಲ್ಲೇ ಕೈಗೆ ಆಲ್ಕೊಹಾಲ್ ದ್ರವ, ರಕ್ತನಾಳದ ನಳಿಕೆ ಹಾಕುವ, ತೆಗೆಯುವ ಕ್ರಮ, ದಾಖಲಾಗುವವರ ಮೂಗಿನ ಪರೀಕ್ಷೆ, ಕೆಲವು ಮದ್ದುಗಳಿಗೆ ಕಡಿವಾಣ. ಹತ್ತು ವರ್ಷ ಕಳೆಯುವುದರೊಳಗೆ ಸಂಖ್ಯೆ ಸಾವಿರದ ಕೆಳಗೆ ಬಂತು. ಇದರಲ್ಲಿ ಯಾವ ಕ್ರಮಕ್ಕೆ ಎಷ್ಟು ಪಾಲು, ಆ ಹೊತ್ತಿಗೆ ಅಲ್ಲಿ ಹರಡಿದ್ದ ತಳಿಗಳು ತಾವಾಗಿಯೇ ಸೊರಗುತ್ತಿದ್ದವೇ ಎಂದು ತಜ್ಞರು ಇನ್ನೂ ಕಿತ್ತಾಡುತ್ತಾರೆ. ಕಿತ್ತಾಡಲಿ. ಆ ಕಿತ್ತಾಟದಲ್ಲಿ ಕೈತೊಳೆಯುವುದರ ಪರ ನಿಂತವರಿದ್ದಾರೆ, ಮೂಗಿನ ಪರೀಕ್ಷೆಯ ಪರ ನಿಂತವರಿದ್ದಾರೆ, ಸಿಪ್ರೊಫ್ಲಾಕ್ಸಾಸಿನ್ ಕಡಿಮೆಯಾದದ್ದೇ ಮುಖ್ಯ ಎನ್ನುವವರಿದ್ದಾರೆ. ಮನೆಗೆ ಹೋದ ರೋಗಿಗಳು ಮಾತ್ರೆಗಳನ್ನು ಕಟ್ಟುನಿಟ್ಟಾಗಿ ಮುಗಿಸತೊಡಗಿದ್ದರಿಂದ ಹೀಗಾಯಿತು ಎಂದವರನ್ನು, ನಾನು ಓದಿದ ಮಟ್ಟಿಗೆ, ಕಂಡಿಲ್ಲ.